ಇನ್ನೂರು ವರ್ಷ ಹಿಂದಕ್ಕೆ ಹೋದವಳು

ಅಕ್ಕಾ,

ಇವತ್ತು ಪ್ರೆಸ್ಸಿನಲ್ಲಿ ಒಂದು ಪ್ರೇಮ ಕಾದಂಬರಿಯ ಕರಡು ತಿದ್ದಿ ಮುಗಿಸಿದೆ. ನನ್ನ ತಲೆ ಬಾಚುತ್ತಾ ನೀನು ಹೇಳುತ್ತಿದ್ದ ಆ ಹಳೆಯ ಕಾದಂಬರಿಯ ಕಥೆಯೊಳಕ್ಕೇ, ಇನ್ನೂರು ವರ್ಷ ಹಿಂದಕ್ಕೆ, ಈ ಕಾಲದವಳಾದ ಇದರ ನಾಯಕಿ ಹೋಗುತ್ತಾಳೆ. ಆಸೆಪಟ್ಟು ಓದಿದೆ. ಆ ಕಥೆಯಲ್ಲಿ ತಾಯಿ ಸಾಯುವ ಅಧ್ಯಾಯ ಬಂದರೆ ನೀನು ಬಾಚುವುದನ್ನೇ ನಿಲ್ಲಿಸುತ್ತಿದ್ದೆಯಲ್ಲ, ಇವಳು ಆ ಸಾವನ್ನು ಅರ್ಧ ಪುಟದಲ್ಲಿ ತಪ್ಪಿಸಿ ನಾಯಕನ ಜೊತೆ ಕುದುರೆ ಸವಾರಿಗೆ ಹೊರಡುತ್ತಾಳೆ.

“ಹೇಗಿದೆಯಮ್ಮ?” ಅಂತ ಸಂಪಾದಕರು ಕೇಳಿದರು.

“ಕಾಗುಣಿತ ಸರಿಯಿದೆ ಸರ್,” ಅಂದೆ.

ನನಗೆ ಇನ್ನೂರು ವರ್ಷ ಬೇಡ. ಆಸ್ಪತ್ರೆಯಿಂದ ನೀನು ಫೋನ್ ಮಾಡಿ “ಒಂದ್ಸಲ ಬಂದು ಹೋಗೇ” ಅಂದ ಆ ಮಂಗಳವಾರ ಸಾಕು. “ಕರಡು ಮುಗಿಸಿ ಶನಿವಾರ ಬರ್ತೀನಿ” ಅಂದಿದ್ದೆ. ನೀನು ಗುರುವಾರವೇ ತೀರಿಕೊಂಡೆ.

ಅದು ಯಾವ ಪುಸ್ತಕದ ಕರಡು ಅಂತ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.