ಮೊದಲು ಹಳೆಯದನ್ನು ತೊಳೆ

ಗುರುವಾರ, ಹನ್ನೆರಡನೆಯ ತಾರೀಖು
ಊಟದ ಬಿಡುವಿನಲ್ಲಿ

ಪ್ರೀತಿಯ ಅಮ್ಮನಿಗೆ,

ಮೊದಲೇ ಹೇಳಿಬಿಡುತ್ತೇನೆ, ನಾನು ಚೆನ್ನಾಗಿದ್ದೇನೆ. ಹೋದ ತಿಂಗಳು ಫೋನಿನಲ್ಲಿ ನಿನ್ನ ಮೇಲೆ ಹರಿಹಾಯ್ದವಳು ನಾನೇ, "ಈ ದರಿದ್ರ ಕೆಲಸ ನಂಗ್ಯಾಕೆ ಕಲಿಸ್ದೆ" ಅಂತ ಕೇಳಿ ಫೋನ್ ಇಟ್ಟವಳೂ ನಾನೇ. ಅದಾದ ಮೇಲೆ ನೀನು ದಿನಾ ಫೋನ್ ಮಾಡಿ ಊಟ ಆಯಿತಾ, ನಿದ್ದೆ ಬಂತಾ ಅಂತ ಮಾತ್ರ ಕೇಳುತ್ತೀ. ಬೇರೇನೂ ಕೇಳುವುದಿಲ್ಲ. ನೀನು ಏನೂ ಕೇಳದೇ ಇದ್ದಾಗಲೇ ನನಗೆ ಹೆಚ್ಚು ಭಯ. ಅದಕ್ಕೇ ಈ ಕಾಗದ. ಫೋನಿನಲ್ಲಿ ನಿನ್ನ ಉಸಿರು ಕೇಳಿಸಿದರೆ ಸಾಕು, ನನ್ನ ನಾಲಗೆ ಹೊರಳುವುದಿಲ್ಲ.

ಆ ಕನ್ನಡಕದ ಅಂಗಡಿಯ ಕೆಲಸ ಬಿಟ್ಟೆ. ಗಾಬರಿಯಾಗಬೇಡ, ಬೇರೆ ಕೆಲಸ ಸಿಕ್ಕಿದೆ, ಸೇರಿ ಇವತ್ತಿಗೆ ಒಂಬತ್ತು ದಿನ. ನಿನ್ನ ಅಳಿಯ ಈಗ ಮನೆಯಲ್ಲಿ ಕಾಲು ಚಾಚಿ ಕೂತು ನಗುತ್ತಾರೆ. ಇಷ್ಟು ದಿನ ನಾನು ಬಾಗಿಲು ತೆಗೆದು ಒಳಗೆ ಬಂದರೆ ಬಾಯಿಗೆ ಬೀಗ ಹಾಕಿಕೊಂಡು ಓಡಾಡುತ್ತಿದ್ದರು, ಪಾಪ.

ನೀನು ಆ ಅಂಗಡಿ ನೋಡಿದ್ದು ಒಂದೇ ಸಲ, ಹೋದ ವರ್ಷ ಇಲ್ಲಿಗೆ ಬಂದಾಗ. ಗಾಜಿನ ಬಾಗಿಲು, ಗೋಡೆ ತುಂಬ ಫ್ರೇಮು, ಎರಡು ಹೆಜ್ಜೆಗೊಂದು ಕನ್ನಡಿ. "ಚೆನ್ನಾಗಿದೆ, ಕಣ್ಣು ಕೋರೈಸುತ್ತೆ" ಅಂದಿದ್ದೆ ನೀನು. ಹೊಗಳಿದೆಯೋ ಕುಟುಕಿದೆಯೋ ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಅಲ್ಲಿ ಒಬ್ಬರ ಕಣ್ಣು ಪರೀಕ್ಷೆಗೆ ಎಂಟು ನಿಮಿಷ. ಮ್ಯಾನೇಜರಿಗೆ ನಾವೆಲ್ಲ ಇಟ್ಟ ಹೆಸರೇ ‘ಎಂಟು ನಿಮಿಷ’. ಗಿರಾಕಿ ಕೂತ ಕೂಡಲೇ ಅವರ ಹಳೆಯ ಕನ್ನಡಕ ತೆಗೆದು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಬೇಕು. ಅವರು ಹೊಸ ಫ್ರೇಮು ಆರಿಸುವ ತನಕ ಅದನ್ನು ಕೈಗೆ ಕೊಡುವ ಹಾಗಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ ‘ಎಂಟು ನಿಮಿಷ’ ನಗುತ್ತಾ ಹೇಳಿದ್ದರು, "ಹಳೇದ್ರಲ್ಲೇ ಕಂಡ್ಬಿಟ್ರೆ ಹೊಸದು ಯಾರು ತಗೋತಾರೆ ಮೇಡಂ."

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನೀನು ಮಾಡುತ್ತಿದ್ದುದು ಇದಕ್ಕೆ ತದ್ವಿರುದ್ಧ. ಯಾರೇ ಬಂದು ಕಣ್ಣು ಮಂಜು ಅನ್ನಲಿ, ಮೊದಲು ಅವರ ಮೂಗಿನ ಮೇಲಿನ ಕನ್ನಡಕ ಕಳಚಿಕೊಳ್ಳುತ್ತಿದ್ದೆ. ಸೋಪಿನ ನೀರಿನಲ್ಲಿ ತೊಳೆದು, ಹತ್ತಿಬಟ್ಟೆಯಲ್ಲಿ ಒರೆಸಿ, ಸೊಟ್ಟಗಾದ ಕಡ್ಡಿ ನೆಟ್ಟಗೆ ಮಾಡಿ, ಅವರ ಕಿವಿಗೆ ಸಿಕ್ಕಿಸಿ "ಈಗ ಓದಿ" ಅನ್ನುತ್ತಿದ್ದೆ. ಅರ್ಧ ಜನ ಅಲ್ಲಿಂದಲೇ ಎದ್ದು ಹೋಗುತ್ತಿದ್ದರು. "ಇವಳು ಬಂದ ಗಿರಾಕೀನ ತೊಳೆದು ಕಳಿಸ್ತಾಳೆ" ಅಂತ ಅಜ್ಜಿ ಗೊಣಗುತ್ತಿದ್ದದ್ದು ನೆನಪಿದೆಯಾ? ಉಳಿದ ಅರ್ಧ ಜನಕ್ಕೆ ನೀನೇ ಹೊಸ ಗಾಜನ್ನು ಸಾಣೆಗೆ ಉಜ್ಜಿ, ಅದನ್ನು ಕಿಟಕಿಯ ಸರಳಿಗೆ ಹಿಡಿದು ಅಲುಗಾಡಿಸಿ, ಸರಳು ಎಷ್ಟು ಜರುಗಿದ ಹಾಗೆ ಕಾಣುತ್ತದೆ ಅಂತ ನೋಡಿಯೇ ಆ ಗಾಜಿನ ನಂಬರ್ ಹೇಳುತ್ತಿದ್ದೆ. ಯಂತ್ರವೇ ಬೇಕಾಗಿರಲಿಲ್ಲ.

ಆ ಅಂಗಡಿಗೆ ಸೇರಿದ ಮೊದಲ ವಾರ ನಾನೂ ತೊಳೆದೆ. ಎರಡನೆಯ ವಾರ ಕದ್ದು ತೊಳೆದೆ. ಮೂರನೆಯ ವಾರ ಬಿಟ್ಟೆ. ಆಮೇಲೆ ನಾಲ್ಕು ವರ್ಷ ತೊಳೆಯಲೇ ಇಲ್ಲ, ಅಮ್ಮ.

ಈ ವರ್ಷ ಒಬ್ಬರು ಬರತೊಡಗಿದರು. ಅದೇ ಬೀದಿಯ ಕೊನೆಯಲ್ಲಿರುವ ಲೈಬ್ರರಿಯಲ್ಲಿ ಪುಸ್ತಕ ಕೊಡುವವರು, ನಾನು ಅವರನ್ನು ಲೈಬ್ರರಿ ಮೇಡಂ ಅನ್ನುತ್ತೇನೆ. ಎದುರಿನ ಕಪಾಟಿನ ಚೀಟಿ ಕಾಣುತ್ತಿಲ್ಲ ಅಂದರು. ನಂಬರ್ ಏರಿತ್ತು, ಹೊಸ ಕನ್ನಡಕ ಕೊಟ್ಟೆ. ಮೂರು ತಿಂಗಳಿಗೆ ಮತ್ತೆ ಬಂದರು, ಇನ್ನೂ ಏರಿತ್ತು, ಮತ್ತೊಂದು ಕೊಟ್ಟೆ. ಮೂರನೆಯ ಸಲ ಬಂದಾಗ ನಂಬರ್ ಇಳಿದಿತ್ತು. ಆಗಲೂ ಕೊಟ್ಟೆ. ‘ಎಂಟು ನಿಮಿಷ’ ಅವರನ್ನು ಬಾಗಿಲಿಗೇ ಹೋಗಿ ಕರೆತರುತ್ತಿದ್ದರು, "ಇಂಥ ಗಿರಾಕಿ ನಾಲ್ಕು ಜನ ಇದ್ರೆ ಸಾಕು" ಅಂತ ಎಲ್ಲರೆದುರು ನನ್ನನ್ನು ಹೊಗಳಿದರು. ನಾನು ಹಿಗ್ಗಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಹಿಗ್ಗಿದ್ದು ನಿಜ.

ನಾಲ್ಕನೆಯ ಸಲ ಬಂದದ್ದು ಹೋದ ತಿಂಗಳು. ಬಾಗಿಲಲ್ಲೇ ಒಂದು ಫ್ರೇಮು ಮೆಚ್ಚಿ ಕೈಯಲ್ಲಿ ಹಿಡಿದುಕೊಂಡು ಬಂದಿದ್ದರು. ಕುರ್ಚಿಯಲ್ಲಿ ಕೂತು, "ಒಂದ್ನಿಮಿಷ ಇರಮ್ಮ" ಅಂದು ಚೀಲದಿಂದ ನೀರಿನ ಬಾಟಲಿ ತೆಗೆದು ಪೂರ್ತಿ ಖಾಲಿ ಮಾಡಿದರು. ಆಮೇಲೆ ಇನ್ನೊಂದು ಬಾಟಲಿ ತೆಗೆದರು. ನನ್ನ ಕೈ ಹಾಗೇ ನಿಂತಿತು. ನೀನು ಕನ್ನಡಕ ತೊಳೆಯುತ್ತಾ ಎಲ್ಲರನ್ನೂ ಮಾತಿಗೆಳೆಯುತ್ತಿದ್ದೆಯಲ್ಲ, "ಬಾಯಾರಿಕೆ ಜಾಸ್ತೀನಾ, ಮೂತ್ರಕ್ಕೆ ಎಷ್ಟ್ ಸಲ ಏಳ್ತೀರಿ" ಅಂತ. ಹೊರಗಿನವರನ್ನು ಇಂಥದ್ದೆಲ್ಲ ಕೇಳುತ್ತಾಳಲ್ಲ ಅಂತ ನಾನು ಬಾಗಿಲ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದೆ. ರಕ್ತದಲ್ಲಿ ಸಕ್ಕರೆ ಏರಿಳಿದರೆ ಕಣ್ಣಿನ ನಂಬರೂ ಏರಿಳಿಯುತ್ತದೆ ಅಂತ ಆಮೇಲೆ ಕಾಲೇಜಿನಲ್ಲಿ ಬರೆದು ಒಳ್ಳೆಯ ಅಂಕ ತೆಗೆದವಳೂ ನಾನೇ. ಮೂರು ಸಲ ಎದುರಿಗೆ ಬಂದು ಕೂತರೂ ಹೊಳೆಯಲಿಲ್ಲ. ನೀನಾಗಿದ್ದರೆ ಎರಡನೆಯ ಸಲಕ್ಕೇ ಕೇಳುತ್ತಿದ್ದೆ.

ಕೊನೆಗೂ ಕೇಳಿದೆ. ಹೌದು ಅಂದರು. ಸುಸ್ತು, ವಯಸ್ಸು ಅಂದುಕೊಂಡು ಸುಮ್ಮನಿದ್ದರಂತೆ. ಇವತ್ತು ಕನ್ನಡಕ ಬೇಡ, ಮೊದಲು ರಕ್ತ ಪರೀಕ್ಷೆ ಮಾಡಿಸಿ, ಇಲ್ಲಿಂದ ಸೀದಾ ಹೋಗಿ ಅಂತ ಚೀಟಿ ಬರೆದುಕೊಟ್ಟೆ. ಅವರ ಕೈಯಲ್ಲಿದ್ದ ಫ್ರೇಮನ್ನು ನಾನೇ ತೆಗೆದುಕೊಂಡು ಹೋಗಿ ಗೋಡೆಗೆ ಸಿಕ್ಕಿಸಿದೆ.

‘ಎಂಟು ನಿಮಿಷ’ ಇದನ್ನೆಲ್ಲ ಗಾಜಿನ ಆಚೆಯಿಂದ ನೋಡುತ್ತಿದ್ದರು. ಒಳಗೆ ಕರೆದು, ದನಿ ಏರಿಸದೆ, ಬಹಳ ಮೆತ್ತಗೆ ಹೇಳಿದರು, "ನಮ್ದು ಆಸ್ಪತ್ರೆ ಅಲ್ಲ ಮೇಡಂ. ಕನ್ನಡಕ ಕೊಟ್ಟು ಆಮೇಲೆ ಡಾಕ್ಟರ ಹತ್ರ ಕಳಿಸ್ಬಹುದಿತ್ತಲ್ಲ." ಆ ಮನುಷ್ಯ ಕೆಟ್ಟವರಲ್ಲ, ನನಗೆ ಹೆದರಿಕೆಯಾದದ್ದೇ ಅದಕ್ಕೆ. ಇನ್ನೊಂದು ವರ್ಷ ಇಲ್ಲೇ ಇದ್ದರೆ ಇದೇ ಮಾತು ಇಷ್ಟೇ ಮೆತ್ತಗೆ ನನ್ನ ಬಾಯಿಂದಲೂ ಬರುತ್ತದೆ ಅನಿಸಿತು. ನಿನಗೆ ಫೋನ್ ಮಾಡಿ ಕೂಗಾಡಿದ್ದು ಆವತ್ತೇ. ಮಾರನೆಯ ದಿನ ರಾಜೀನಾಮೆ ಕೊಟ್ಟೆ.

ಎರಡು ವಾರ ಸೋಫಾ ಬಿಟ್ಟು ಏಳಲಿಲ್ಲ. ಕಣ್ಣಿನ ಸಹವಾಸವೇ ಬೇಡ, ಯಾವುದಾದರೂ ಕಚೇರಿಯಲ್ಲಿ ಫೋನ್ ಎತ್ತುವ ಕೆಲಸ ಹಿಡಿಯೋಣ ಅಂತ ಅರ್ಜಿ ಕೂಡ ಬರೆದಿಟ್ಟೆ. ಆಗ ಬಂದು ಬಾಗಿಲು ತಟ್ಟಿದವರು ಲೈಬ್ರರಿ ಮೇಡಂ. ನನ್ನ ವಿಳಾಸವನ್ನು ಲೈಬ್ರರಿಯ ಸದಸ್ಯರ ಪಟ್ಟಿಯಿಂದ ಕದ್ದರಂತೆ, ಅದು ತಪ್ಪು ಅಂತ ಅವರೇ ಹೇಳಿಕೊಂಡರು. ಸಕ್ಕರೆ ಸಿಕ್ಕಾಪಟ್ಟೆ ಏರಿತ್ತು, ಈಗ ಔಷಧ ನಡೆಯುತ್ತಿದೆ, ವರ್ಷದ ಹಿಂದಿನ ಹಳೆಯ ಕನ್ನಡಕದಲ್ಲೇ ಮತ್ತೆ ಕಾಣುತ್ತಿದೆ ಅಂದರು. ನಾನು ಅವರೆದುರೇ ಅತ್ತುಬಿಟ್ಟೆ. ಮೊದಲೇ ಕೇಳಬೇಕಿತ್ತು ಅಂತ ಒಪ್ಪಿಕೊಂಡೆ. ಅವರು "ಬೇಜಾರಾಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ನಾಲ್ಕನೇ ಸಲ ಕೇಳಿದ್ಯಲ್ಲ" ಅಂದರು. ತಾವು ತೋರಿಸಿಕೊಳ್ಳುವ ದೊಡ್ಡಾಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಜನ ಬೇಕಾಗಿದ್ದಾರೆ, ಹೋಗಿ ನೋಡು ಅಂತ ಹೇಳಿ ಎದ್ದರು.

ಈಗ ನಾನಿರುವುದು ಅಲ್ಲೇ. ಗೋಡೆಯ ಬಣ್ಣ ಉದುರಿದೆ, ಅಕ್ಷರದ ಹಲಗೆಯ ಒಂದು ದೀಪ ಮಿಣಮಿಣ ಅನ್ನುತ್ತದೆ, ಬೆಂಚು ತುಂಬ ಜನ. ಸಂಬಳ ಕಡಿಮೆ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಆದರೆ ಕೈ ತೊಳೆಯುವ ಬೇಸಿನ್ ನನ್ನ ಕುರ್ಚಿಯ ಪಕ್ಕದಲ್ಲೇ ಇದೆ. ಮೊದಲ ದಿನ ಮೊದಲು ಬಂದವರು ಗೋಡೆಗೆ ಸುಣ್ಣ ಬಳಿಯುವವರು. ವಾರದಿಂದ ಏನೂ ಕಾಣುತ್ತಿಲ್ಲ ಅಂತ ಮುಖ ಬಾಡಿಸಿಕೊಂಡಿದ್ದರು. ಕನ್ನಡಕ ಕಳಚಿಕೊಂಡು ನೋಡಿದರೆ ಗಾಜಿನ ತುಂಬ ಸುಣ್ಣದ ಹನಿ, ಪದರ ಪದರವಾಗಿ. ಗಟ್ಟಿಯಾಗಿ ಉಜ್ಜಿ ತೊಳೆದು, ಕಡ್ಡಿ ನೆಟ್ಟಗೆ ಮಾಡಿ, ಅವರ ಕಿವಿಗೆ ಸಿಕ್ಕಿಸಿ "ಈಗ ಓದಿ" ಅಂದೆ. ಕೊನೆಯ ಸಾಲಿನ ತನಕ ಓದಿದ ಮನುಷ್ಯ, "ಅಯ್ಯೋ, ಇದಕ್ಕಾ ನಾನು ಅರ್ಧ ದಿನ ರಜಾ ಹಾಕಿದ್ದು" ಅಂತ ತಲೆ ಚಚ್ಚಿಕೊಂಡರು. ಇಡೀ ಬೆಂಚು ನಕ್ಕಿತು. ನಾನೂ ನಕ್ಕೆ. ಆವತ್ತು ಮಧ್ಯಾಹ್ನ ನನಗೆ ಎಷ್ಟೋ ದಿನದ ಮೇಲೆ ಹಸಿವಾಯಿತು.

ನಿನ್ನ ಮೇಲೆ ರೇಗಿದ್ದಕ್ಕೆ ಕ್ಷಮಿಸು. ನೀನು ಕಲಿಸಿದ ಕೆಲಸ ಒಳ್ಳೆಯದೇ. ಬಿಡುವು ಮುಗಿಯಿತು, ಬೆಂಚಿನಲ್ಲಿ ಹನ್ನೊಂದು ಜನ ಕಾಯುತ್ತಿದ್ದಾರೆ.

ನಿನ್ನ
ಗೂಬೆಮರಿ

ತಾ. ಕ.: ಇದು ಮರೆತು ಉಳಿದದ್ದಲ್ಲ, ಧೈರ್ಯ ಸಾಲದೆ ಕೊನೆಗೆ ತಳ್ಳಿದ್ದು. ಹೋದ ವರ್ಷ ನೀನು ಬಂದಾಗ ಅಂಗಡಿಯ ಕುರ್ಚಿಯಲ್ಲಿ ಕೂರಿಸಿ, ನಂಬರ್ ಏರಿದೆ ಅಂತ ಹೊಸ ಕನ್ನಡಕ ಮಾಡಿಸಿಕೊಟ್ಟೆನಲ್ಲ. ಏರಿರಲಿಲ್ಲ. ಆ ತಿಂಗಳು ನಾನು ಮಾರಬೇಕಾದದ್ದಕ್ಕೆ ಒಂದು ಕನ್ನಡಕ ಕಡಿಮೆ ಬಿದ್ದಿತ್ತು. ನಿನ್ನ ಕೈಯಾರೆ ಗಾಜು ಉಜ್ಜಿ ಮಾಡಿಕೊಂಡಿದ್ದ ಹಳೆಯದನ್ನು ನಾನೇ ಡಬ್ಬಿಗೆ ಹಾಕಿ ಮುಚ್ಚಿದೆ. ಮಗಳು ಕೊಟ್ಟದ್ದು ಅಂತ ನೀನು ಸರಳಿಗೆ ಹಿಡಿದೂ ನೋಡದೆ ಹಾಕಿಕೊಂಡೆ. ಹಳೆಯದು ಇನ್ನೂ ಇದ್ದರೆ ತೆಗೆದು ಹಾಕಿಕೋ ಅಮ್ಮ. ಇದಕ್ಕೆ ಉತ್ತರ ಬರೆಯಲೇಬೇಕು ಅಂತೇನಿಲ್ಲ.

ಮಂಗಳವಾರ, ಹದಿನೇಳನೆಯ ತಾರೀಖು

ನನ್ನ ಗೂಬೆಮರಿಗೆ,

ಕಾಗದ ಬಂತು. ಎರಡು ಸಲ ಓದಿದೆ. ಪಕ್ಕದ ಮನೆಯವಳು ಬಂದಾಗ ಮೂರನೆಯ ಸಲ ಗಟ್ಟಿಯಾಗಿ ಓದಿದೆ, ಕೊನೆಯ ಪುಟ ಬಿಟ್ಟು. ಸಂಬಳದ ವಿಷಯ ನಾನು ಕೇಳಿದೆನಾ? ಬೇಸಿನ್ ಪಕ್ಕದಲ್ಲೇ ಇದೆ ಅಂತ ಓದಿದಾಗ ತಿಂಗಳಿಂದ ಬಿಗಿಹಿಡಿದಿದ್ದ ಉಸಿರು ಬಿಟ್ಟೆ.

ಸುಣ್ಣ ಹತ್ತಿದ ಗಾಜನ್ನು ಹಾಗೆಲ್ಲ ಉಜ್ಜಬಾರದು, ಗೀರು ಬೀಳುತ್ತದೆ. ಮೊದಲು ನೆನೆಸಿಡು. ಇಷ್ಟು ಕಲಿಸಿಯೂ ಇದು ನಿನ್ನ ತಲೆಗೆ ಹೋಗಿಲ್ಲ. ಇದರ ಜೊತೆ ಆರು ಹತ್ತಿಬಟ್ಟೆ ಇಟ್ಟಿದ್ದೇನೆ, ಅಂಚು ನಾನೇ ಹೊಲಿದದ್ದು. ಕೈ ನಡುಗುತ್ತದೆ, ಹೊಲಿಗೆ ಅಂಕುಡೊಂಕು, ನಗಬೇಡ.

ಅಮ್ಮ ಭಾರಿ ಸಾಚಾ ಅಂತಲೂ ತಿಳಿಯಬೇಡ. ನಿನ್ನ ಅಜ್ಜಿಯ ಗೊಣಗಾಟಕ್ಕೆ ಸೋತು ನಾನೂ ಎರಡು ಸಲ ತೊಳೆಯದೆ ಮಾರಿದ್ದೇನೆ. ಆ ಇಬ್ಬರ ಮುಖ ಇವತ್ತಿಗೂ ನೆನಪಿದೆ.

ಬಿಡುವಿನಲ್ಲಿ ಕಾಗದ ಬರೆಯುತ್ತಾ ಕೂರಬೇಡ, ಊಟ ಮಾಡು.

ನಿನ್ನ ಅಮ್ಮ

ತಾ. ಕ.: ಆ ಹೊಸ ಕನ್ನಡಕವನ್ನು ಮನೆಗೆ ಬಂದ ದಿನವೇ ಕಿಟಕಿಗೆ ಹಿಡಿದು ನೋಡಿದ್ದೆ. ಹಳೆಯದರಲ್ಲಿ ಸರಳು ಎಷ್ಟು ಜರುಗಿತೋ ಹೊಸದರಲ್ಲೂ ಅಷ್ಟೇ ಜರುಗಿತು. ಒಬ್ಬಳೇ ಕೂತು ಅತ್ತೆ. ಆಮೇಲೆ ಹಳೆಯದನ್ನು ಬೀರುವಿನಲ್ಲಿಟ್ಟು, ನೀನಾಗಿ ಹೇಳುವ ತನಕ ತೆಗೆಯುವುದಿಲ್ಲ ಅಂದುಕೊಂಡೆ. ಇವತ್ತು ತೆಗೆದು, ತೊಳೆದು, ಹಾಕಿಕೊಂಡು ಬರೆಯುತ್ತಿದ್ದೇನೆ. ಎಲ್ಲ ಚೆನ್ನಾಗಿ ಕಾಣುತ್ತಿದೆ. ನಿನ್ನ ಅಕ್ಷರ ಮಾತ್ರ ಇದರಲ್ಲೂ ಸೊಟ್ಟಗೇ ಇದೆ.