ಎರಡೂವರೆಗೇ ಮನೆಗೆ ಹೊರಟ ಮಕ್ಕಳು

ಇಶಿಗಾತಾನಿ, ಬುಧವಾರ

ಅಕ್ಕಾ,

ಈ ಊರಿನ ಧ್ವನಿವರ್ಧಕಗಳಲ್ಲಿ ಸಂಜೆ ಐದಕ್ಕೆ ಇನ್ನು ಮುಂದೆ ಬರುವುದು ನಮ್ಮ ಕೊಳಲು ಮತ್ತು ಹಾರ್ಪ್. ಪುರಸಭೆಯ ತೊಕುಮಾರು ಅವರು ಈಗಷ್ಟೇ ತಿಳಿಸಿದರು. ಆಡುತ್ತಿರುವ ಮಕ್ಕಳನ್ನು ದಿನವೂ ಆ ಹೊತ್ತಿಗೆ ಮನೆಗೆ ಕರೆಯುವ ಹಾಡಿನ ಹಳೆಯ ಟೇಪು ಸವೆದುಹೋಗಿದೆ. ನಾವು ನುಡಿಸಿದ್ದನ್ನು ಮಕ್ಕಳು ಗುರುತಿಸದಿದ್ದರೆ ಬರೀ ಗಂಟೆ ಬಾರಿಸುವುದಾಗಿ ಅವರು ಮೊದಲೇ ಹೇಳಿದ್ದರು.

ಇಂದು ಮಧ್ಯಾಹ್ನ ಶಾಲೆಯ ಸಭಾಂಗಣದಲ್ಲಿ ಅದರ ಪರೀಕ್ಷೆ. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಒಂದನೇ ತರಗತಿಯವರೆಲ್ಲ ಎದ್ದು, ಬ್ಯಾಗ್ ಹೆಗಲಿಗೇರಿಸಿ, ಬಾಗಿ ನಮಸ್ಕರಿಸಿ ಹೊರಟೇಬಿಟ್ಟರು. ಕೊಝುಯೆ ಕೊಳಲನ್ನು ತುಟಿಯಿಂದ ತೆಗೆದು, "ಮುಗೀತು ಕಣೇ ಚಿಗುಸಾ, ಎದ್ದೇ ಹೋಗ್ತಿದ್ದಾರೆ!" ಎಂದಳು.

ಮುಖ್ಯೋಪಾಧ್ಯಾಯಿನಿ ಬಾಗಿಲ ಬಳಿಯ ಶೂ ಗೂಡಿನ ತನಕ ಓಡಿದರು. "ಎಲ್ಲಿಗ್ರೋ? ಇನ್ನೂ ಎರಡೂವರೆ!"

"ಹಾಡು ಬಂತಲ್ಲ ಟೀಚರ್. ಈಗ ಹೋಗ್ದಿದ್ರೆ ಅಮ್ಮ ಬೈತಾರೆ," ಎಂದಳು ಶೂ ಹಾಕಿಕೊಳ್ಳುತ್ತಿದ್ದ ಒಬ್ಬ ಹುಡುಗಿ.

ತೊಕುಮಾರು ನಗು ತಡೆಯಲಾರದೆ ಗೋಡೆ ಹಿಡಿದುಕೊಂಡರು. "ಇನ್ನೇನ್ರೀ ಪರೀಕ್ಷೆ! ಮೊದ್ಲು ಇವ್ರನ್ನ ವಾಪಸ್ ಕೂರ್ಸೋದು ಹೇಗೆ ಹೇಳಿ."

"ಹಾರ್ಪ್‌ನಲ್ಲಿ ಮಕ್ಕಳ ಹಾಡು ನುಡಿಸಿದ್ರೆ ಯಾರೇ ಕೇಳ್ತಾರೆ?" ಅಂದಿದ್ದೆಯಲ್ಲ, ಅಕ್ಕ. ಇವತ್ತು ಇಪ್ಪತ್ತಾರು ಮಂದಿ ಕೇಳಿದರು, ಹಾಡಿನ ಮಾತನ್ನು ಒಬ್ಬರೂ ಮೀರಲಿಲ್ಲ!

ಬೆರಳ ತುದಿಯ ಗುಳ್ಳೆಗಳಿಗೆ ನೀನು ಕೊಟ್ಟ ಮುಲಾಮು ಹಚ್ಚುತ್ತಿದ್ದೇನೆ, ಕಡಿಮೆಯಾಗಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಧ್ವನಿಮುದ್ರಣ, ಸಂಜೆ ಐದಕ್ಕೆ ಪ್ರಸಾರ.

ಚಿಗುಸ