ಹಿನ್ನೆಲೆ ಸಂಗೀತವಿಲ್ಲದೆ ಬಂದವನ ಪರವಾಗಿ

ಮನರಂಜನಾ ವಾಹಿನಿಯ ಧಾರಾವಾಹಿ ವಿಭಾಗದ ಮುಖ್ಯಸ್ಥರೇ,

ನಿಮ್ಮ ನಾಯಕನ ದೆಸೆಯಿಂದ ನಮ್ಮ ಮನೆಯಲ್ಲಿ ಒಂದು ಒಳ್ಳೆಯ ಸಂಬಂಧ ಮುರಿದುಬಿದ್ದಿದೆ. ‘ಬೇಡ’ ಎಂದು ಫೋನು ಮಾಡಿದವಳು ನಾನೇ. ಹಾಗಾಗಿ ತಪ್ಪನ್ನೆಲ್ಲ ನಿಮ್ಮ ಮೇಲೆ ಹೊರಿಸುವ ಉದ್ದೇಶ ನನಗಿಲ್ಲ. ನಿಮ್ಮ ಪಾಲಿನದನ್ನಷ್ಟೇ ನಿಮಗೆ ತಲುಪಿಸುತ್ತಿದ್ದೇನೆ. ಪ್ರತಿ ಸಂಜೆ ಮನೆಮನೆಗೆ ಪ್ರೀತಿ ಹಂಚುತ್ತೇವೆ ಎನ್ನುವ ನೀವು, ಹೊಂದದಿದ್ದರೆ ಅದನ್ನು ಹಿಂದಿರುಗಿಸುವುದು ಎಲ್ಲಿಗೆ ಎಂದು ತೆರೆಯ ಮೇಲೆ ಎಂದೂ ಹಾಕಿದವರಲ್ಲ. ಆದ್ದರಿಂದ ಎಲ್ಲರೂ ಓದುವ ಜಾಗದಲ್ಲಿ ಬರೆಯಬೇಕಾಯಿತು.

ನಾನು ಚಳ್ಳಕೆರೆಗೆ ಸೊಸೆಯಾಗಿ ಬಂದವಳು. ಓದಿದ್ದು ದಾವಣಗೆರೆಯ ಕಾನ್ವೆಂಟಿನಲ್ಲಿ. ಈಗ ಇಲ್ಲಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಅಂದರೆ ಪದಗಳ ಅರ್ಥ ಹೇಳಿ ಸಂಬಳ ತೆಗೆದುಕೊಳ್ಳುತ್ತೇನೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ನಿಮಗೆ ನಗಲು ಅನುಕೂಲ. ನನ್ನ ಅಕ್ಕನ ಮಗಳು ಕಾವ್ಯ ದಾವಣಗೆರೆಯಲ್ಲೇ ಬೆಳೆದವಳು, ಇಲ್ಲಿನ ಬ್ಯಾಂಕಿನಲ್ಲಿ ಕೆಲಸ ಸಿಕ್ಕ ಮೇಲೆ ನಮ್ಮ ಜೊತೆಗಿದ್ದಾಳೆ. ಸಂಜೆ ಏಳಾಯಿತೆಂದರೆ ಅವಳು, ನಾನು, ನನ್ನ ಅತ್ತೆ ತಿಪ್ಪೇರುದ್ರಮ್ಮ, ಮೂವರೂ ನಿಮ್ಮ ವಶ.

‘ಕೆಮಿಸ್ಟ್ರಿ’ ಎಂಬ ಪದಕ್ಕೆ ಶಾಲೆಯಲ್ಲಿ ಕಾವ್ಯ ಕಲಿತ ಅರ್ಥ ಒಂದು, ನೀವು ಕಲಿಸಿದ್ದು ಇನ್ನೊಂದು. ನಿಮ್ಮ ಕೆಮಿಸ್ಟ್ರಿ ತಯಾರಾಗುವ ವಿಧಾನ ನನಗೂ ಈಗ ಬಾಯಿಪಾಠವಾಗಿದೆ. ಮೊದಲು ನಾಯಕಿ ಜಾರಬೇಕು. ನೆಲ ಒದ್ದೆಯಿರಲಿ, ಒಣಗಿರಲಿ, ಜಾರಬೇಕು. ನಾಯಕ ಅವಳ ಸೊಂಟಕ್ಕೆ ಕೈಕೊಟ್ಟು ಹಿಡಿಯಬೇಕು. ಹಿಡಿದವನು ಎತ್ತಿ ನಿಲ್ಲಿಸುವ ಹಾಗಿಲ್ಲ; ಪಲ್ಲವಿ ಮುಗಿಯುವವರೆಗೆ ಅರ್ಧದಲ್ಲೇ ಹಿಡಿದುಕೊಂಡಿರಬೇಕು. ಕಿಟಕಿ ಮುಚ್ಚಿದ್ದರೂ ಗಾಳಿ ಬೀಸಬೇಕು. ಚಳ್ಳಕೆರೆಯಲ್ಲಿ ಗಾಳಿಗೇನೂ ಬರವಿಲ್ಲ ಸ್ವಾಮಿ. ಆದರೆ ನಮ್ಮ ಗಾಳಿಗೆ ಕೂದಲು ಹಾರುವ ಮೊದಲು ಕಣ್ಣಿಗೆ ಮಣ್ಣು ಬೀಳುತ್ತದೆ. ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲುಬಯಲಿನಲ್ಲಿ ನಿಂತು ಇಬ್ಬರು ಒಬ್ಬರನ್ನೊಬ್ಬರು ರೆಪ್ಪೆ ಮಿಟುಕಿಸದೆ ನೋಡಿದರೆ ಮಾರನೆಯ ದಿನ ಇಬ್ಬರೂ ಕಣ್ಣಿನ ಡಾಕ್ಟರ ಮುಂದೆ ಕೂರಬೇಕಾಗುತ್ತದೆ.

ಜಾರುವುದು ಮುಗಿದ ಮೇಲೆ ಅವನು ಅವಳನ್ನು ಬೈಯಬೇಕು. ಅವಳ ಮೊಬೈಲು ಕಸಿದುಕೊಳ್ಳಬೇಕು. ಬೇರೆಯವನ ಜೊತೆ ನಕ್ಕಳೆಂದು ಗಾಜಿನ ಲೋಟ ಒಡೆಯಬೇಕು. ಮಣಿಕಟ್ಟು ಹಿಡಿದು ಕಾರಿನವರೆಗೆ ಎಳೆದುಕೊಂಡು ಹೋಗಬೇಕು. ಇದೇ ಕೆಲಸವನ್ನು ನಮ್ಮ ಬಸ್ ನಿಲ್ದಾಣದಲ್ಲಿ ಯಾರಾದರೂ ಮಾಡಿದರೆ ಸೌತೆಕಾಯಿ ಮಾರುವ ಹೆಂಗಸರೇ ಎದ್ದು ಬಂದು ಅವನನ್ನು ವಿಚಾರಿಸಿಕೊಳ್ಳುತ್ತಾರೆ. ನಿಮ್ಮಲ್ಲಿ ಮಾತ್ರ ಪಿಟೀಲು ನುಡಿಯುತ್ತದೆ, ಅವನ ಅಜ್ಜಿ ದೇವರ ಮನೆಯಲ್ಲಿ ನಿಂತು, ಮೊಮ್ಮಗ ಇಷ್ಟೊಂದು ಸಿಡುಕುವುದು ಒಳಗಿನ ಪ್ರೀತಿಯಿಂದಲೇ ಎಂದು ನಮಗೆ ಭರವಸೆ ಕೊಡುತ್ತಾರೆ. ಆ ಹುಡುಗಿ ‘ನನಗೆ ಇಷ್ಟವಿಲ್ಲ’ ಎಂದು ಎಷ್ಟು ಸಲ ಹೇಳಿದಳು, ನಿಮ್ಮ ಕಥಾವಿಭಾಗದಲ್ಲಿ ಯಾರಾದರೂ ಗಮನಿಸಿದ್ದೀರಾ? ಅಥವಾ ‘ಇಲ್ಲ’ ಎಂಬ ಪದ ನಿಮ್ಮಲ್ಲಿ ಮಹಾಸಂಚಿಕೆಗೆ ಮುನ್ನ ಬರುವ ಒಂದು ಸಣ್ಣ ಕೆಮ್ಮಷ್ಟೇನಾ?

ಇದನ್ನೆಲ್ಲ ದೂರದಲ್ಲಿ ನಿಂತು ನೋಡಿ ಮೂಗುಮುರಿದವಳು ನಾನು ಎಂದುಕೊಳ್ಳಬೇಡಿ. ನಾಯಕ ಕೈ ಹಿಡಿದೆಳೆದಾಗ ನನಗೂ ಹಿತವೆನಿಸಿದ್ದುಂಟು. ಯಾಕೆ ಹಿತವೆನಿಸಿತು ಎಂದು ಕೇಳಿಕೊಂಡಿದ್ದೇನೆ, ನೆಟ್ಟಗಿನ ಉತ್ತರ ಸಿಕ್ಕಿಲ್ಲ. ನಮ್ಮ ಮೂವರಲ್ಲಿ ನಿಮ್ಮನ್ನು ಸರಿಯಾಗಿ ತೂಗಿದವರೆಂದರೆ ನನ್ನ ಅತ್ತೆ. ಒಂದು ಸಂಜೆ ನಾಯಕಿ ಹೀಗೇ ಅರ್ಧದಲ್ಲಿ ಒರಗಿದ್ದಾಗ ಅವರು ಕೇಳಿದರು: “ಏನೇ ಅದು, ಅವ್ನು ಹಂಗೇ ಹಿಡ್ಕಂಡ್ ನಿಂತವ್ನೆ! ಆ ಹುಡ್ಗಿಗೆ ಸೊಂಟ ಹಿಡ್ಕಳಲ್ವಾ?”

“ಅಜ್ಜೀ, ಅದು ಕೆಮಿಸ್ಟ್ರಿ,” ಅಂದಳು ಕಾವ್ಯ.

“ಅದೇನಾರ ಇರ್ಲಿ, ಎಣ್ಣೆ ಹಚ್ಚಿ ತಿಕ್ಬೇಕು ಅದ್ಕೆ. ಇಲ್ಲಾಂದ್ರೆ ಬಾಣಂತನದಾಗೆ ಗೊತ್ತಾಗ್ತೈತೆ.”

ಇಂಥ ಮನೆಗೆ ಸಿದ್ದಲಿಂಗೇಶ್ ಎಂಬ ಹುಡುಗ ಹೆಣ್ಣು ನೋಡಲು ಬಂದ. ಊರು ಮೊಳಕಾಲ್ಮೂರಿನಾಚೆಯ ಸಿದ್ದಾಪುರ, ಕೆಲಸ ಬಿ.ಜಿ. ಕೆರೆ ಕಡೆಯ ಪಶು ಆಸ್ಪತ್ರೆಯಲ್ಲಿ. ದಿನವಿಡೀ ಕುರಿಗಳಿಗೆ ಲಸಿಕೆ ಹಾಕುವವನು. ಮಂಡಕ್ಕಿ, ಮೆಣಸಿನಕಾಯಿ ಬೋಂಡ ತಿನ್ನುವಾಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಇಬ್ಬರೂ ಮಾತಾಡಿಕೊಳ್ಳಲಿ ಎಂದು ತಾರಸಿಗೆ ಕಳಿಸಿದೆವು. ಕಾವ್ಯ ಕೆಳಗಿಳಿದು ಬಂದು ಕೊಟ್ಟ ವರದಿ ಹೀಗಿತ್ತು: “ನಾಯಿ ಕಂಡ್ರೆ ಭಯನಾ ಅಂತ ಕೇಳಿದ್ರು ಚಿಕ್ಕಮ್ಮ. ಅವರ ಮನೇಲಿ ನಾಯಿ ಐತಂತೆ. ಆಮೇಲೆ, ನಿಮ್ಗೆ ಯಾರಾದ್ರೂ ಬಲವಂತ ಮಾಡ್ತಿದಾರಾ, ಹಂಗಿದ್ರೆ ನಂಗೆ ಹೇಳಿ, ನಾನೇ ಬೇಡ ಅಂದೆ ಅಂತ ಹೇಳ್ಬಿಡ್ತೀನಿ ಅಂದ್ರು. ಅಷ್ಟೇ. ಇದೇನ್ ಇಂಟರ್‌ವ್ಯೂನಾ?”

ನಾನು ನಕ್ಕೆ. ಈಗ ಬರೆಯುವಾಗ ಆ ಎರಡನೆಯ ಪ್ರಶ್ನೆಯನ್ನು ಎರಡೆರಡು ಸಲ ಓದಿಕೊಂಡೆ. ಅಷ್ಟೊಂದು ಮದುವೆಗಳನ್ನು ಮಾಡಿಸಿದ್ದೀರಿ. ಹಸೆಮಣೆಯ ಮೇಲೆ ಹೆಣ್ಣು ಬದಲಾಯಿಸಿದ್ದೀರಿ, ಒಪ್ಪಂದದ ಮದುವೆ ಮಾಡಿಸಿ ರುಜು ಹಾಕಿಸಿದ್ದೀರಿ, ಅಮಲಿನ ಔಷಧಿ ಕುಡಿಸಿ ತಾಳಿ ಕಟ್ಟಿಸಿದ್ದೀರಿ. ನಿಮ್ಮ ಒಬ್ಬನೇ ಒಬ್ಬ ನಾಯಕ ಈ ಪ್ರಶ್ನೆ ಕೇಳಿದ್ದಾನೆಯೇ?

ಹೊರಡುವ ಹೊತ್ತಿಗೆ ಕಾವ್ಯ ನಮ್ಮ ಮುಂಬಾಗಿಲ ಮೆಟ್ಟಿಲಲ್ಲಿ ನಿಜವಾಗಿಯೂ ಜಾರಿದಳು. ಇದಕ್ಕಿಂತ ಒಳ್ಳೆಯ ಅವಕಾಶವನ್ನು ನಿಮ್ಮ ನಿರ್ದೇಶಕರೂ ಒದಗಿಸಲಾರರು. ಸಿದ್ದಲಿಂಗೇಶ್ ಓಡಿ ಬಂದ, ರೆಟ್ಟೆ ಹಿಡಿದ, ಒಂದೇ ಏಟಿಗೆ ಎತ್ತಿ ನಿಲ್ಲಿಸಿದ, ಕೈಬಿಟ್ಟ. “ತರಚ್ತಾ? ಟಿಟಿ ಇಂಜೆಕ್ಷನ್ ಹಾಕಿಸ್ಕಂಡಿದೀರಾ?” ಎಂದು ಕೇಳಿದ. ಕಾವ್ಯಳ ಮುಖ ನೋಡಬೇಕಿತ್ತು. ತನ್ನನ್ನು ಕುರಿಯಂತೆ ಎತ್ತಿದ ಎಂದು ಆಮೇಲೆ ಅತ್ತೆಯ ಮುಂದೆ ದೂರಿದಳು. “ಎತ್ತಿದ್ನಲ್ಲ, ಇನ್ನೇನು? ಟೀವಿಯವನಂಗೆ ಅಲ್ಲೇ ತೂಗಾಡಿಸ್ಬೇಕಿತ್ತಾ?” ಎಂದರು ಅವರು.

ನಮ್ಮ ಕಡೆಯಿಂದ ಇನ್ನೂ ಉತ್ತರ ಹೋಗಿರಲಿಲ್ಲ. ಒಂದು ಭಾನುವಾರ ಮಟಮಟ ಮಧ್ಯಾಹ್ನ ಅವನು ಬೈಕಿನಲ್ಲಿ ಬಂದು ಗೇಟಿನ ಮುಂದೆ ನಿಂತ. ಮುಖವೆಲ್ಲ ಧೂಳು, ಕೈಯಲ್ಲಿ ಹೆಲ್ಮೆಟ್ಟು ಬಿಟ್ಟರೆ ಏನೂ ಇಲ್ಲ. ಹೂಗುಚ್ಛವಿಲ್ಲ, ಗೊಂಬೆಯಿಲ್ಲ. ಅತ್ತೆ ಮಠಕ್ಕೆ ಹೋಗಿದ್ದರು. ಬಾಗಿಲು ತೆಗೆದವಳು ಕಾವ್ಯ, ಅವಳ ಹಿಂದೆ ನಾನು.

“ಏನು, ಇಷ್ಟು ಬಿಸಿಲಲ್ಲಿ ಬಂದಿದೀರಾ?”

“ಊರ್ಕೆ ಬಂದೆ ರೀ.”

“ಓ, ಊರಿಗಾ. ಕೆಲ್ಸ ಆಯ್ತಾ?”

ಅವನು ನೆಲ ನೋಡಿ ನಕ್ಕ. “ಆತು ರೀ. ಈಗಾತು.”

ಮಜ್ಜಿಗೆ ಕುಡಿದ. ಫ್ಯಾನು ಸದ್ದು ಮಾಡುತ್ತಿದೆ, ಎಣ್ಣೆ ಬಿಡಿಸಿ ಎಂದ. ಎದ್ದು ಹೋದ.

“ನೋಡಿದ್ರಾ ಚಿಕ್ಕಮ್ಮ? ಊರಿಗೆ ಬಂದಿದ್ರಂತೆ. ಸಂತೆಗೆ ಬಂದವರು ಪಕ್ಕದಲ್ಲಿ ನೀರು ಕುಡಿಯಾಕೆ ಹೋಗ್ತಾರಲ್ಲ, ಹಂಗೆ ಬಂದು ಹೋದ್ರು. ಕೆಮಿಸ್ಟ್ರಿನೇ ಇಲ್ಲ.” ಮೊಳಕಾಲ್ಮೂರು ಕಡೆಯವರ ಮಾತು ಸ್ವಲ್ಪ ಗಟ್ಟಿ, ‘ಊರಿಗೆ’ ಎನ್ನುವುದನ್ನು ‘ಊರ್ಕೆ’ ಎನ್ನುತ್ತಾರೆ ಎಂದು ನಾನೂ ಅಂದುಕೊಂಡೆ. ಭಾನುವಾರ ಚಳ್ಳಕೆರೆಯಲ್ಲಿ ಕುರಿ ಡಾಕ್ಟರಿಗೆ ಅಂಥ ಏನು ಕೆಲಸವಿದ್ದೀತು ಎಂಬ ಅನುಮಾನ ಒಂದು ಗಳಿಗೆ ಬಂದು ಹೋಯಿತು. ಆ ಅನುಮಾನವನ್ನು ಹಿಡಿದು ನಿಲ್ಲಿಸಲಿಲ್ಲ, ಯಾಕೆಂದರೆ ಅಲ್ಲಿ ಪಿಟೀಲು ಇರಲಿಲ್ಲ. ಎಲ್ಲಿ ಗಮನ ಕೊಡಬೇಕು ಎಂದು ನೀವು ನಮಗೆ ಸಂಗೀತದ ಮೂಲಕ ಹೇಳಿಕೊಟ್ಟಿದ್ದೀರಿ. ಸಂಗೀತವಿಲ್ಲದ ಕಡೆ ನಾವು ಎದ್ದು ಕುಕ್ಕರ್ ನೋಡಲು ಹೋಗುತ್ತೇವೆ.

ಕಾವ್ಯ ಬೇಡವೆಂದಳು. ನಾನು ಫೋನು ಮಾಡಿದೆ. ಜಾತಕ ಕೂಡಿಬರಲಿಲ್ಲ ಎಂದು ಹೇಳಲು ಸಿದ್ಧಳಾಗಿದ್ದೆ, ಅವನೇ ಎತ್ತಿಕೊಂಡದ್ದರಿಂದ ಸುಳ್ಳು ಬಾಯಿಗೆ ಬರಲಿಲ್ಲ. “ಅವಳಿಗೆ ಮನಸ್ಸಿಲ್ಲಪ್ಪ,” ಎಂದೆ. ಆ ಕಡೆ ಕುರಿಗಳ ಸದ್ದು. ಅವುಗಳ ನಡುವಿನಿಂದಲೇ ಹೇಳಿದ: “ಆತು ಮೇಡಂ. ಅವ್ರಿಗೆ ಬೇಡ ಅಂದ್ರೆ ಬೇಡ. ಫೋನ್ ಮಾಡಿ ಹೇಳಿದ್ರಲ್ಲ, ಒಳ್ಳೇದಾತು. ಎಷ್ಟೋ ಜನ ಹೇಳದೇ ಇಲ್ಲ.”

ಮುಂದೆ ಏನಾಗಬೇಕಿತ್ತು ಎಂದು ನಿಮಗೆ ಹೇಳಬೇಕಾಗಿಲ್ಲ. ಅವನು ಕುಡಿದು ಬರಬೇಕಿತ್ತು. ಮಳೆಯಲ್ಲಿ ನಮ್ಮ ಗೇಟು ಹಿಡಿದು ನಿಲ್ಲಬೇಕಿತ್ತು. ಮಳೆಗೆ ಈ ಊರಲ್ಲಿ ಕಾಯಬೇಕಾದ ಕಾರಣ ಕೊನೆಪಕ್ಷ ನಲ್ಲಿಯ ಕೆಳಗಾದರೂ ನೆನೆದು ಬರಬೇಕಿತ್ತು. ಬ್ಯಾಂಕಿನ ಮುಂದೆ ಅವಳನ್ನು ಅಡ್ಡಗಟ್ಟಿ ‘ನೀನು ನನ್ನವಳು’ ಎನ್ನಬೇಕಿತ್ತು. ಏನೂ ಆಗಲಿಲ್ಲ. ಒಂದು ಮೆಸೇಜೂ ಇಲ್ಲ. ಬ್ಯಾಂಕಿನಿಂದ ಬಂದ ಕಾವ್ಯ ಕಿಟಕಿಯಾಚೆ ಇಣುಕುವುದನ್ನು ನಾನು ಕಂಡೆ. “ಇಷ್ಟು ಬೇಗ ಬಿಟ್ಬಿಟ್ರಲ್ಲ, ಇಷ್ಟ ಇದ್ದಿದ್ರೆ ಹಿಂಗ್ ಸುಮ್ನಿರ್ತಿದ್ರಾ?” ಎಂದಳು. ಮುಖ್ಯಸ್ಥರೇ, ಈ ಮಾತು ಕೇಳಿ ನನಗೆ ಮೊದಲ ಬಾರಿಗೆ ಭಯವಾಯಿತು. ಬೇಡ ಎಂದ ಮಾತಿಗೆ ಬೆಲೆ ಕೊಟ್ಟವನು ಪ್ರೀತಿಸಲಾರದವನು, ಬೆಲೆ ಕೊಡದೆ ಬೆನ್ನು ಹತ್ತಿದವನೇ ಪ್ರೇಮಿ. ಬ್ಯಾಂಕಿನಲ್ಲಿ ದಿನವಿಡೀ ಬೇರೆಯವರ ಸಹಿಯನ್ನು ಅನುಮಾನಿಸಿ ನೋಡುವ ಹುಡುಗಿಗೆ ಈ ಲೆಕ್ಕ ಮಾತ್ರ ಅನುಮಾನವಿಲ್ಲದೆ ಒಳಗಿಳಿದಿತ್ತು. ನಾನು ತಕ್ಷಣ ಏನಾದರೂ ಹೇಳಬೇಕಿತ್ತು. ಹೇಳಲು ಮಾತು ಹುಡುಕುತ್ತಿದ್ದಾಗ ನಿಮ್ಮ ಶೀರ್ಷಿಕೆ ಗೀತೆ ಶುರುವಾಯಿತು.

ಆ ಸಂಜೆಯೇ ಅತ್ತೆ ಜಾಹೀರಾತಿನ ಹೊತ್ತಿನಲ್ಲಿ ಕೇಳಿದರು: “ಆ ಸಿದ್ದಾಪುರದ ಹುಡ್ಗ ಅವತ್ತು ಯಾತಕ್ ಬಂದಿದ್ದ?”

“ಊರಿಗೆ ಬಂದಿದ್ರಂತೆ ಅಜ್ಜಿ, ಹಂಗೇ ಇಲ್ಲಿಗೂ ಬಂದ್ರು. ‘ಊರ್ಕೆ ಬಂದೆ’ ಅಂದ್ರು.”

“ಊರಿಗೆ ಅಂದ್ನಾ, ಊರ್ಕೆ ಅಂದ್ನಾ? ಸರ್ಯಾಗ್ ಹೇಳು.”

“ಊರ್ಕೆ. ಎಲ್ಡೂ ಒಂದೇ ಅಲ್ವಾ?”

ಅತ್ತೆ ರಿಮೋಟು ತೆಗೆದುಕೊಂಡು ಟೀವಿಯ ಸದ್ದು ನಿಲ್ಲಿಸಿದರು. ಅವರು ಆಂಧ್ರದ ಗಡಿಯಾಚೆಯ ಹಳ್ಳಿಯಿಂದ ಬಂದವರು, ಅವರ ತವರಿನಲ್ಲಿ ಒಂದೇ ಮಾತಿನೊಳಗೆ ಎರಡು ಭಾಷೆ. “ಅದು ತೆಲುಗು ಕಣೇ! ಊರ್ಕೆ ಅಂದ್ರೆ ಸುಮ್ನೆ ಅಂತ. ಕೆಲ್ಸ ಇಲ್ಲ, ಕಾರ್ಯ ಇಲ್ಲ, ಸುಮ್ನೆ ಬಂದೆ ಅಂತ. ಅಷ್ಟು ದೂರದಿಂದ ಆ ಬಿಸ್ಲಾಗೆ ಸುಮ್ನೆ ಯಾರೇ ಬತ್ತಾರೆ? ನಿನ್ನ ನೋಡಾಕ್ ಬಂದವ್ನೆ. ಇಬ್ರೂ ಓದಿದೀರಿ, ಒಬ್ಳಾದ್ರೂ ಕೇಳದಲ್ವಾ?”

ಧಾರಾವಾಹಿ ಮತ್ತೆ ಶುರುವಾಗಿ, ನಿಮ್ಮ ನಾಯಕ ನಾಯಕಿಯನ್ನು ದಿಟ್ಟಿಸುತ್ತಿದ್ದ. ಸಂಗೀತವಿಲ್ಲದೆ ನೋಡಿದರೆ ಹೊಟ್ಟೆನೋವಿನವನಂತೆ ಕಂಡ.

“ಕೆಲ್ಸ ಆಯ್ತಾ ಅಂತ ಕೇಳ್ದೆ ಚಿಕ್ಕಮ್ಮ,” ಎಂದಳು ಕಾವ್ಯ, ತನಗೇ ಹೇಳಿಕೊಳ್ಳುವಂತೆ. “‘ಈಗಾತು’ ಅಂದ್ರು.”

ಇಲ್ಲಿಗೆ ನಿಮ್ಮವರು ಮುಂದಿನ ದೃಶ್ಯ ಬರೆದು ಮುಗಿಸಿರುತ್ತಾರೆ: ಹುಡುಗಿ ಬರಿಗಾಲಲ್ಲಿ ಓಡುವುದು, ಇನ್ನೊಂದು ಮದುವೆಯ ಮಂಟಪ, ಕಡೆಯ ಕ್ಷಣದಲ್ಲಿ ‘ನಿಲ್ಲಿಸಿ’ ಎಂಬ ಕೂಗು. ನಮ್ಮಲ್ಲಿ ಆದದ್ದಿಷ್ಟು. “ಈಗೇನ್ ಮಾಡೋದು?” ಎಂದು ಅವಳು ಕೇಳಿದಳು. “ಫೋನ್ ಮಾಡಿ, ತಪ್ಪು ತಿಳ್ಕಂಡೆ ಅಂತ ಹೇಳು. ಈ ಸಲ ನಾನು ಮಾಡಲ್ಲ,” ಎಂದೆ. ತಾರಸಿಯ ನೀರಿನ ಟ್ಯಾಂಕಿನ ಪಕ್ಕ ನಿಂತು ಮಾತಾಡಿ ಕೆಳಗೆ ಬಂದಳು.

“ಯೋಚ್ನೆ ಮಾಡಿ ಹೇಳ್ತೀನಿ ಅಂದ್ರು.”

“ಕೋಪ ಮಾಡ್ಕಂಡ್ರಾ?”

“ಇಲ್ಲ. ಬೇಡ ಅಂದಿದ್ದು ನೋವಾಗೈತೆ, ಸ್ವಲ್ಪ ಟೈಮ್ ಕೊಡಿ ಅಂದ್ರು.” ಕಣ್ಣು ಒರೆಸಿಕೊಂಡಳು. “ಅದೂ ಸರಿನೇ ಅಲ್ವಾ ಚಿಕ್ಕಮ್ಮ?”

ಇದೆಲ್ಲಕ್ಕೂ ನೀವೇ ಹೊಣೆಯೇ? ಇದನ್ನು ನನ್ನನ್ನೇ ಹಲವು ಸಲ ಕೇಳಿಕೊಂಡಿದ್ದೇನೆ. ಆ ಪದದ ಅರ್ಥ ತಿಳಿಯದೇ ಹೋದದ್ದು ನಿಮ್ಮಿಂದಲ್ಲ. ಇಷ್ಟು ವರ್ಷ ಈ ಊರಿನಲ್ಲಿದ್ದೂ ಪಕ್ಕದ ಭಾಷೆಗೆ ಕಿವಿಗೊಡದ ನನ್ನಿಂದ. ಆದರೆ ಅರ್ಥವಾಗದ ಮಾತನ್ನು ಮತ್ತೊಮ್ಮೆ ಕೇಳಬೇಕು, ‘ಏನಂದ್ರಿ?’ ಎನ್ನಬೇಕು ಎಂಬ ಸರಳ ಸಂಗತಿಯನ್ನು ನಿಮ್ಮ ಸಾವಿರಾರು ಸಂಚಿಕೆಗಳಲ್ಲಿ ಒಮ್ಮೆಯೂ ನೋಡಿಲ್ಲ. ಅಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ. ಬಾಗಿಲ ಮರೆಯಲ್ಲಿ ನಿಂತು ಅರ್ಧ ಕೇಳಿಸಿಕೊಂಡು ಆರು ತಿಂಗಳು ಅಳುತ್ತಾರೆ. ಕೇಳಿದರೆ ಕಥೆ ಮುಗಿದುಹೋಗುತ್ತದೆ, ಟಿಆರ್‌ಪಿ ಬೀಳುತ್ತದೆ ಎನ್ನುವಿರಿ. ಇರಬಹುದು. ನಿಮ್ಮ ಕಥೆ ಮುಗಿಯಬಾರದೆಂದು ನಮ್ಮ ಮನೆಯದು ಶುರುವಾಗುವ ಮೊದಲೇ ಮುಗಿಯಬೇಕೇ?

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಒಂದು ಸಂಚಿಕೆ ಮಾಡಿಸಿ. ಅದರಲ್ಲಿ ಒಬ್ಬರು ಇನ್ನೊಬ್ಬರಿಗೆ ‘ಬೇಡ’ ಎನ್ನಲಿ. ಕೇಳಿಸಿಕೊಂಡವರು ‘ಆಯಿತು’ ಎಂದು ಮನೆಗೆ ಹೋಗಲಿ. ಊಟ ಸೇರದಿರಲಿ, ನಿದ್ದೆ ಬಾರದಿರಲಿ, ಅದನ್ನೂ ತೋರಿಸಿ. ಆದರೆ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಲಿ. ಯಾರೂ ಗಾಜು ಒಡೆಯುವುದು ಬೇಡ, ಯಾರೂ ಯಾರ ಗೇಟಿನ ಮುಂದೆಯೂ ನಿಲ್ಲುವುದು ಬೇಡ. ಸಾಧ್ಯವಾದರೆ ಬೇಗ ಪ್ರಸಾರ ಮಾಡಿ. ಸಿದ್ದಾಪುರದಿಂದ ಇನ್ನೂ ಉತ್ತರ ಬಂದಿಲ್ಲ. ಬಂದದ್ದು ‘ಇಲ್ಲ’ ಎಂದೇ ಆದರೆ ಅದನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂಬುದನ್ನು ನಮ್ಮ ಮನೆಯ ಹುಡುಗಿ ಕಲಿಯಬೇಕಾಗಿದೆ, ಮತ್ತು ಅದನ್ನು ಮಾಡಿ ತೋರಿಸಿದ ಒಬ್ಬನೇ ಗಂಡಸಿಗೆ ನಾವು ಬೇಡವೆಂದು ಫೋನು ಮಾಡಿಬಿಟ್ಟಿದ್ದೇವೆ.

ಇಂತಿ,
ನಿಮ್ಮ ಕಥೆಯಲ್ಲಾಗಿದ್ದರೆ ಮೈತುಂಬ ಒಡವೆ ಹೇರಿಕೊಂಡು ಸಂಬಂಧ ಮುರಿಯುತ್ತಿದ್ದ,
ಇಲ್ಲಿ ನೈಟಿಯಲ್ಲೇ ಆ ಕೆಲಸ ಮುಗಿಸಿದ
ಒಬ್ಬ ಚಿಕ್ಕಮ್ಮ
ಚಳ್ಳಕೆರೆ